ಒಂದೇ ಕುರ್ಚಿಯ ಕೋಣೆ

ಹಾಡು ಕೇಳಲಿಕ್ಕೆಂದೇ ಒಂದು ಕೋಣೆ ಮಾಡಿಸುತ್ತೇನೆ ಎಂದರೆ ನಮ್ಮ ಊರಿನ ಜನ ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಮರುಕದಿಂದ ನಿಮ್ಮ ಹೆಂಡತಿಯ ಮುಖ ನೋಡುತ್ತಾರೆ. ಆಂಧ್ರದ ಗಡಿಯ ನಮ್ಮ ಆದೋನಿಯಲ್ಲಿ ಹಾಡು ಎಂಬುದು ಬೇಡವೆಂದರೂ ಕಿವಿಗೆ ಬೀಳುವ ವಸ್ತು. ಮದುವೆ ಮಂಟಪದ್ದು, ಗುಡಿಯದ್ದು, ಆಟೋದ್ದು, ಎದುರು ಮನೆಯವರ ಮೊಬೈಲಿನದು, ಎಲ್ಲವೂ ಪುಕ್ಕಟೆ. ಅದಕ್ಕಾಗಿ ಕೋಣೆ ಮಾಡಿಸುವವನು ಒಂದೋ ದುಡ್ಡು ಹೆಚ್ಚಾದವನು, ಇಲ್ಲವೇ ತಲೆ ಕೆಟ್ಟವನು. ನನ್ನ ಹತ್ತಿರ ಹೆಚ್ಚಾಗುವಷ್ಟು ದುಡ್ಡು ಇರಲಿಲ್ಲ.

ಆ ಕೋಣೆಯನ್ನು ನಾನು ಮಾಡಿಸಿದ್ದು ಅತ್ತಿಗೆಗಾಗಿ. ಅದನ್ನು ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳುವ ರೂಢಿ ನಮ್ಮಲ್ಲಿಲ್ಲ.

ಅವ್ವ ತೀರಿಕೊಂಡಾಗ ನಾನಿನ್ನೂ ಚಡ್ಡಿ ಹಾಕುವ ವಯಸ್ಸಿನವನು. ಅಣ್ಣ ನನಗಿಂತ ಬಹಳ ದೊಡ್ಡವನು. ಅವನ ಕೈ ಹಿಡಿದು ಆಸ್ಪರಿ ಕಡೆಯ ಹಳ್ಳಿಯೊಂದರಿಂದ ಬಂದ ಅತ್ತಿಗೆಯೇ ನನ್ನ ತಲೆಗೆ ಎಣ್ಣೆ ಹಚ್ಚಿ, ಬುತ್ತಿ ಕಟ್ಟಿ ಶಾಲೆಗೆ ಕಳಿಸಿದವಳು. ಅವರಿಗೆ ಮಕ್ಕಳಾಗಲಿಲ್ಲ. ನಾನು ದೊಡ್ಡವನಾಗಿ ಅಣ್ಣನ ಜೊತೆ ಹತ್ತಿಯ ದಲಾಲಿ ಅಂಗಡಿಯಲ್ಲಿ ಕೂತೆ, ಮದುವೆಯಾದೆ. ಮನೆ ಒಂದೇ, ಒಲೆ ಒಂದೇ ಉಳಿಯಿತು.

ಅಡುಗೆ ಮನೆಯ ಗೂಡಿನಲ್ಲಿ, ಉಪ್ಪಿನ ಭರಣಿಯ ಪಕ್ಕಕ್ಕೆ, ಅತ್ತಿಗೆಯ ರೇಡಿಯೋ ಇರುತ್ತಿತ್ತು. ಬೇಳೆ ಆರಿಸುವಾಗ, ರೊಟ್ಟಿ ಬಡಿಯುವಾಗ ಅದು ಹಾಡುತ್ತಲೇ ಇರಬೇಕು. ಆದರೆ ಮಾರುಕಟ್ಟೆಯಲ್ಲಿ ಮುಂಜಾನೆಯಿಂದ ಹರಾಜಿನ ಕೂಗು ಕೇಳಿ ಕೇಳಿ ಅಣ್ಣನಿಗೆ ಮನೆಯಲ್ಲಿ ಯಾವ ಸದ್ದೂ ಬೇಕಾಗಿರಲಿಲ್ಲ. ಬಂದ್ ಮಾಡು ಎಂದು ಅವನು ಒಂದು ದಿನವೂ ಹೇಳಿದವನಲ್ಲ. ಗೇಟಿನ ಹತ್ತಿರ ಅವನ ಕೆಮ್ಮು ಕೇಳಿದ ಕೂಡಲೇ ಅತ್ತಿಗೆಯ ಹಿಟ್ಟಿನ ಕೈ ತಾನಾಗಿಯೇ ರೇಡಿಯೋದ ಗುಂಡಿಗೆ ಹೋಗುತ್ತಿತ್ತು. ಮಧ್ಯಾಹ್ನದ ಹಾಡುಗಳು ಅರ್ಧಕ್ಕೆ ಬಂದಿರುವಾಗಲೇ ಅಣ್ಣ ಊಟಕ್ಕೆ ಬರುವುದು. ಹೀಗಾಗಿ ಅತ್ತಿಗೆಗೆ ನೂರಾರು ಹಾಡುಗಳ ಪಲ್ಲವಿ ಬಾಯಿಗೆ ಬರುತ್ತಿತ್ತು, ಕೊನೆಯ ಚರಣ ಮಾತ್ರ ಯಾವುದರದ್ದೂ ಗೊತ್ತಿರಲಿಲ್ಲ. ಆಕೆ ಗುನುಗುತ್ತ ನಡುವೆ ನಿಲ್ಲಿಸಿದರೆ ನಾನು ಕಾಡುತ್ತಿದ್ದೆ:

“ಆಮ್ಯಾಲೇನಾತು ಅತ್ತಿಗಿ?”

“ಆಮ್ಯಾಲ ನಿಮ್ಮಣ್ಣಾರು ಬಂದ್ರು” ಎಂದು ನಗುತ್ತಿದ್ದಳು.

ಕೆಲವು ವರ್ಷಗಳ ಹಿಂದೆ, ನಾವು ಕರೆದರೆ ಆಕೆ ಓಗೊಡುವುದು ತಡವಾಗತೊಡಗಿತು. ಕರ್ನೂಲಿಗೆ ಕರೆದುಕೊಂಡು ಹೋದೆ. ಎಡಗಿವಿ ಬಹಳ ಮಟ್ಟಿಗೆ ಹೋಗಿದೆ, ಬಲಗಿವಿ ಸದ್ಯಕ್ಕೆ ಚೆನ್ನಾಗಿದೆ, ಆದರೆ ಅದೂ ನಿಧಾನಕ್ಕೆ ಇಳಿಯುತ್ತದೆ ಎಂದರು ಡಾಕ್ಟರು. ಕಾರಿನಲ್ಲಿ ವಾಪಸು ಬರುವಾಗ ಅತ್ತಿಗೆ ಕಿಟಕಿಯ ಹೊರಗೆ ಶೇಂಗಾ ಹೊಲ ನೋಡುತ್ತಿದ್ದವಳು, “ಹೋದ್ರ ಹೋಗ್ಲಿ ಬಿಡು ತಮ್ಮಾ, ಕೇಳೂದು ಏನ್ ಉಳದೈತಿ ನನಗ?” ಎಂದಳು. ಬೇಸರದಿಂದ ಅಂದದ್ದಲ್ಲ, ಹಾಗೇ ಸುಮ್ಮನೆ ಅಂದದ್ದು. ನನಗೆ ಮಾತ್ರ ಚುರ್ ಎಂದಿತು. ಹಾಡಿನ ಮೇಲೆ ಅಷ್ಟು ಪ್ರಾಣ ಇಟ್ಟುಕೊಂಡ ಹೆಂಗಸು ಒಂದು ಹಾಡನ್ನೂ ಪೂರ್ತಿ ಕೇಳದೆ ಕಿವುಡಿಯಾಗಿಬಿಡುತ್ತಾಳೆ ಎಂಬುದು ಆವತ್ತು ನನ್ನ ತಲೆಯಲ್ಲಿ ಕೂತಿತು. ಬಲಗಿವಿ ಇರುವುದರೊಳಗೆ ಆಕೆ ಕೇಳಬೇಕು. ಕೇಳಿದರೆ ಒಳ್ಳೆಯದನ್ನೇ ಕೇಳಬೇಕು.

ಒಳ್ಳೆಯದು ಎಂದರೆ ಏನು ಎಂಬುದು ನನಗೆ ಆಗಲೇ ಗೊತ್ತಿತ್ತು. ವ್ಯಾಪಾರದ ಕೆಲಸಕ್ಕೆ ಹೈದರಾಬಾದಿಗೆ ಹೋದಾಗ ಪರಿಚಯದ ಗಿರಣಿ ಮಾಲೀಕರೊಬ್ಬರು ತಮ್ಮ ಮನೆಯ ಸ್ಟೀರಿಯೋ ಮುಂದೆ ನನ್ನನ್ನು ಕೂರಿಸಿದ್ದರು. ಹಾಡುವ ಹೆಣ್ಣುಮಗಳು ಎರಡು ಸ್ಪೀಕರಿನ ನಡುವೆ ನಿಂತು ಉಸಿರು ಎಳೆದುಕೊಂಡದ್ದು ಕೇಳಿತ್ತು. ಅಲ್ಲಿ ಯಾರೂ ಇರಲಿಲ್ಲ, ಖಾಲಿ ಗೋಡೆ. ಅತ್ತಿಗೆಗೆ ಅದು ಬೇಕು ಎಂದುಕೊಂಡೆ. ಟರ್ನ್‌ಟೇಬಲ್ಲು, ಕಪಾಟಿನ ಹಾಗೆ ನಿಲ್ಲುವ ಎರಡು ಸ್ಪೀಕರು, ಒಳಗೆ ಗಾಜಿನ ಬುರುಡೆಗಳು ಕೆಂಪಗೆ ಉರಿಯುವ ಹಳೆಯ ಕಾಲದ ನಮೂನೆಯ ಆಂಪ್ಲಿಫೈಯರು, ಒಂದೊಂದಾಗಿ ತರಿಸಿದೆ.

ಕೋಣೆಗೆ ಹೊಸದಾಗಿ ಗೋಡೆ ಎತ್ತುವ ಕೆಲಸ ಬೀಳಲಿಲ್ಲ. ಮನೆಯ ಹಿಂದಿನ ಪಡಸಾಲೆಗೆ ಅಂಟಿಕೊಂಡು, ಅಡುಗೆ ಮನೆಗೆ ಓರೆಯಾಗಿ, ಅಪ್ಪನ ಕಾಲದ ಹತ್ತಿ ಗೋದಾಮು ಇತ್ತು. ದಪ್ಪ ಕಲ್ಲಿನ ಗೋಡೆ, ಮೇಲೆ ಕಲ್ಲುಚಪ್ಪಡಿ. ಒಳಗೆ ಕೈ ತಟ್ಟಿದರೆ ಸದ್ದು ಸುತ್ತಿ ಬಂದು ನಿಮಗೇ ಬಡಿಯುತ್ತಿತ್ತು. ಕಲ್ಲಿಗೆ ಮೆತ್ತನೆಯದೇನಾದರೂ ಹೊದಿಸಬೇಕು ಎಂದು ಓದಿಕೊಂಡಿದ್ದೆ. ಹತ್ತಿಯವರ ಮನೆಯಲ್ಲಿ ಮೆತ್ತನೆಯದಕ್ಕೇನು ಬರ? ಗಾದಿ ಹೊಲಿಯುವ ಸಾಹೇಬರನ್ನು ಕರೆಸಿ ನಾಲ್ಕೂ ಗೋಡೆಯ ಅಳತೆ ಕೊಟ್ಟೆ.

“ಕ್ಯಾ ಸೇಠ್, ಗ್ವಾಡಿಗೆ ನಿದ್ದಿ ಬರತೈತೇನ್ರಿ?” ಎಂದು ಕೇಳಿದರು ಅವರು.

ಅಣ್ಣ ಬಂದು ನೋಡಿದ. ಅವನಿಗೆ ಹಾಡು ಬೇಡ, ಆದರೆ ಹತ್ತಿಯ ವಿಷಯದಲ್ಲಿ ಮರ್ಯಾದೆ ಬೇಕು. “ಇಷ್ಟ ತೆಳ್ಳಗ ತುಂಬಿಸ್ತಿ ಏನು? ನೋಡಿದವರು ಏನಂತಾರ? ಜಾಡಿಸಿ ತುಂಬ್ರಿ” ಎಂದು ತಾನೇ ನಿಂತು ಮಣಗಟ್ಟಲೆ ಹತ್ತಿ ಹಾಕಿಸಿದ. ಮುಗಿದ ಮೇಲೆ ಒಳಗೆ ನಿಂತು ಮಾತಾಡಿದರೆ ಮಾತು ತುಟಿಯಿಂದ ಉದುರಿ ಅಲ್ಲೇ ಬೀಳುತ್ತಿತ್ತು. ನನ್ನ ಹೆಂಡತಿ ಒಂದು ಸಲ ಒಳಗೆ ಬಂದು ಹೊರಗೆ ಹೋದಳು. “ಹೆಣದ ಮೂಗಿನ್ಯಾಗ ಅರಳಿ ಇಟ್ಟಂಗ ಆಗತೈತಿ. ನಾ ಒಲ್ಲೆ” ಎಂದಳು. ನಮ್ಮಲ್ಲಿ ಅರಳೆಯನ್ನು ಎಲ್ಲೆಲ್ಲಿ ಇಡುತ್ತಾರೆ ಎಂಬುದನ್ನು ಆಕೆಗೆ ನೆನಪಿಸಬೇಕಾಗಿರಲಿಲ್ಲ.

ಸ್ಪೀಕರು ಜೋಡಿಸಲು ಹೈದರಾಬಾದಿನಿಂದ ಬಂದ ಅಂಗಡಿಯವನು ಗೋಡೆ ನೋಡಿ ತಲೆಯ ಮೇಲೆ ಕೈ ಹೊತ್ತ. ಹತ್ತಿ ವಿಪರೀತವಾಯಿತು ಎಂದು ಮುಂದಿನ ಗೋಡೆಯ ಅರ್ಧ ಗಾದಿ ತೆಗೆಸಿದ. ತೆಗೆದದ್ದನ್ನು ಎಸೆಯಲು ಅಣ್ಣ ಒಪ್ಪಬೇಕಲ್ಲ? ಅವನ್ನೆಲ್ಲ ಹಿಂದಿನ ಮೂಲೆಗೆ, ಬಾಗಿಲ ಪಕ್ಕಕ್ಕೆ ಒಂದರ ಮೇಲೊಂದು ಒಟ್ಟಿಸಿದೆವು. ಆಮೇಲೆ ಅವನು ದಾರ ಕಟ್ಟಿ, ಟೇಪು ಹಿಡಿದು, ಸ್ಪೀಕರುಗಳನ್ನು ಒಂದೊಂದು ಬೆರಳಗಲ ಸರಿಸಿ, ಕೋಣೆಯ ನಡುವೆ ಒಂದು ಕಡೆ ಸೀಮೆಸುಣ್ಣದ ಗುರುತು ಹಾಕಿದ. “ಕುರ್ಚಿ ಇಕ್ಕಡೇ ಸಾರ್. ಒಕ್ಕಟೇ ಕುರ್ಚಿ” ಎಂದ. ಎಲ್ಲ ಕೂಡಿಬರುವುದು ಆ ಒಂದು ಜಾಗದಲ್ಲಿ ಮಾತ್ರ, ಒಂದು ಮೊಳ ಆಚೆ ಈಚೆ ಆದರೂ ಹಾಡುವವಳು ಮಾಯವಾಗುತ್ತಾಳೆ ಎಂದು ತೆಲುಗಿನಲ್ಲಿ ತಿಳಿಸಿ ಹೇಳಿದ. ಒಳ್ಳೆಯ ತೇಗದ ಕುರ್ಚಿ ಮಾಡಿಸಿ, ಕೈಯೂರಲು ಮೆತ್ತೆ ಹೊಲಿಸಿ ಆ ಗುರುತಿನ ಮೇಲೆ ಇಟ್ಟೆ. ಎಡಗಿವಿ ಮಂದವಾದ ಹೆಂಗಸಿಗಾಗಿ ಬಲಗಡೆಯ ಸ್ಪೀಕರನ್ನು ಕೊಂಚ ಒಳಕ್ಕೆ ತಿರುಗಿಸಲೂ ಹೇಳಿದೆ. ಅಷ್ಟೆಲ್ಲ ಲೆಕ್ಕ ಹಾಕಿದವನಿಗೆ ನಮ್ಮ ಮನೆಯ ಲೆಕ್ಕ ಮಾತ್ರ ತಪ್ಪಿತು.

ಇನ್ನೊಂದು ತೊಂದರೆ ಇತ್ತು. ನಮ್ಮ ಕರೆಂಟು ಒಂದು ಗಳಿಗೆ ಇದ್ದಂತೆ ಇನ್ನೊಂದು ಗಳಿಗೆ ಇರುವುದಿಲ್ಲ. ಸ್ಪೀಕರಿನಲ್ಲಿ ಸದಾ ಗುಂಯ್ ಎನ್ನುವ ಸದ್ದು. ಅದಕ್ಕಾಗಿ ಹಿತ್ತಲಲ್ಲಿ ಬೇರೆಯದೇ ಅರ್ಥಿಂಗ್ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿದೆ. ಗುಂಡಿ ಒಣಗಿದರೆ ಗುಂಯ್ ಸದ್ದು ಮತ್ತೆ ಬರುತ್ತದೆ, ಆಗಾಗ ನೀರು ಹಾಕಬೇಕು ಎಂದು ಹೇಳಿದ್ದಷ್ಟೇ. ಮರುದಿನದಿಂದ ಅತ್ತಿಗೆ ಬಿಲ್ವದ ಗಿಡಕ್ಕೆ ನೀರು ಹಾಕಿ, ಉಳಿದದ್ದನ್ನು ಆ ಗುಂಡಿಗೆ ಹಾಕತೊಡಗಿದಳು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ತತ್ವಾರವಾದಾಗಲೂ ಅಕ್ಕಿ ತೊಳೆದ ನೀರನ್ನು ಎತ್ತಿಟ್ಟು ಹಾಕುತ್ತಿದ್ದಳು. “ನಿನ್ನ ಪೆಟಗಿಗೆ ನೀರು ಕುಡಿಸೀನಿ ತಮ್ಮಾ” ಎನ್ನುವಳು.

ಮೊದಲ ಭಾನುವಾರ ಅತ್ತಿಗೆ ಸ್ಪೀಕರಿಗೆ ವಿಭೂತಿ ಹಚ್ಚಿ, ಉರಿಯುವ ಬುರುಡೆಗಳಿಗೆ ಕೈಮುಗಿದಳು. ನಾನು ರೆಕಾರ್ಡು ತೆಗೆದೆ. ಹಿರಿಯ ಗಾಯಕಿಯೊಬ್ಬರ ಕನ್ನಡ ಭಕ್ತಿಗೀತೆಗಳು, ಅತ್ತಿಗೆಗೆಂದೇ ಹುಡುಕಿ ತಂದದ್ದು. “ಬಾ ಅತ್ತಿಗಿ, ಕುಂದ್ರು” ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣ ಒಳಗೆ ಬಂದ. ಕೋಣೆಯಲ್ಲಿ ಒಂದೇ ಕುರ್ಚಿ, ಮನೆಯಲ್ಲಿ ಒಬ್ಬನೇ ಹಿರಿಯ. ಅವನು ಸಹಜವಾಗಿ ಹೋಗಿ ಕೂತ. ನಾನೂ ಸಹಜವಾಗಿ ಪಕ್ಕಕ್ಕೆ ಸರಿದೆ. ಅಣ್ಣ ಕೂತಿರುವ ಕಡೆ ಅತ್ತಿಗೆ ಕುರ್ಚಿಯ ಮೇಲೆ ಕೂತದ್ದನ್ನು ಆಕೆ ಮನೆಗೆ ಬಂದಾಗಿನಿಂದ ನಾನು ನೋಡಿಲ್ಲ. ಹಾಗೆ ಕೂರಬೇಡ ಎಂದು ಯಾರೂ ಹೇಳಿದ್ದಲ್ಲ, ಕೂರು ಎಂದೂ ಯಾರೂ ಹೇಳಿದ್ದಲ್ಲ. ಆಕೆ ಬಾಗಿಲ ಹೊಸ್ತಿಲ ಒಳಗೆ, ದಾರಂದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಮುಖ ಅಡುಗೆ ಮನೆಯ ಕಡೆ, ಒಲೆಯ ಮೇಲೆ ಹಾಲಿತ್ತು.

“ನಡುವ ಬಾ ಅತ್ತಿಗಿ, ಚಾಪಿ ಹಾಸತೀನಿ” ಎಂದೆ.

“ಒಲ್ಲೆಪ್ಪ, ಹಾಲು ಉಕ್ಕತೈತಿ. ನನಗ ಇಲ್ಲೇ ಛಲೋ ಐತಿ.”

ಹಾಡು ಮುಗಿದ ಮೇಲೆ ಕೇಳಿದೆ, ಹೇಗಿತ್ತು ಎಂದು. “ಭಾಳ ಛಂದ ಐತಿ ತಮ್ಮಾ” ಎಂದಳು. ನನಗೆ ಎದೆ ತುಂಬಿ ಬಂತು. ಅಣ್ಣ ಆಗಲೇ ಗೊರಕೆ ಹೊಡೆಯುತ್ತಿದ್ದ.

ಅಲ್ಲಿಂದ ಪ್ರತಿ ಭಾನುವಾರ ಇದೇ ನಡೆಯಿತು, ವರ್ಷಗಟ್ಟಲೆ. ಊಟವಾದ ಮೇಲೆ ಅಣ್ಣ ಕುರ್ಚಿಯಲ್ಲಿ ಕೂರುವನು, ಮೊದಲ ಹಾಡು ಮುಗಿಯುವ ಮೊದಲೇ ನಿದ್ದೆ ಹೋಗುವನು. ವಾರವೆಲ್ಲ ಹರಾಜಿನ ಗದ್ದಲದಲ್ಲಿ ಇದ್ದವನಿಗೆ ಆ ಹತ್ತಿಯ ಗೋಡೆಗಳ ನಡುವೆ ಸ್ವರ್ಗ ಸಿಕ್ಕಿತ್ತು. ಮಾರುಕಟ್ಟೆಯಲ್ಲಿ ರೈತರಿಗೆ, ಸೇಠುಗಳಿಗೆ, ತೂಕದವರಿಗೆಲ್ಲ ಹೇಳಿಕೊಂಡು ಬರುತ್ತಿದ್ದ: “ನಮ್ಮ ತಮ್ಮ ಒಂದು ರೂಮು ಮಾಡ್ಯಾನ, ಚೂಡಾಲಿ ಮೀರು, ನೋಡಬೇಕು ನೀವು!” ನೋಡಲು ಬಂದವರಿಗೆ ತಾನೇ ಎದ್ದು ಕುರ್ಚಿ ಬಿಟ್ಟುಕೊಡುವನು. ಬಂದವರು ಬೇಡ ಬೇಡ ಎನ್ನುತ್ತಲೇ ಕೂತು, ಕೇಳಿ, ತಲೆದೂಗಿ ಹೋಗುವರು. ಆದೋನಿಯ ಅರ್ಧ ಹತ್ತಿ ಬಜಾರು ಆ ಕುರ್ಚಿಯಲ್ಲಿ ಕೂತಿದೆ. ಅತ್ತಿಗೆ ಅವರಿಗೆಲ್ಲ ಚಹಾ ತಂದುಕೊಟ್ಟು ಮತ್ತೆ ಹೊಸ್ತಿಲ ಹತ್ತಿರ ಕೂರುವಳು.

ಅಣ್ಣ ಇಲ್ಲದಾಗ ಒಂದು ಸಲ, ಹಬ್ಬದ ರಜೆಯ ದಿನ, ಹಟ ಹಿಡಿದು ಆಕೆಯನ್ನು ಕುರ್ಚಿಯಲ್ಲಿ ಕೂರಿಸಿದ್ದೆ. ಬ್ಯಾಂಕ್ ಮ್ಯಾನೇಜರನ ಎದುರು ಕೂತವರ ಹಾಗೆ ಅಂಚಿನಲ್ಲಿ ಕೂತು, ಎರಡೂ ಕೈ ಮೊಣಕಾಲ ಮೇಲೆ ಇಟ್ಟುಕೊಂಡಳು. ನಾನು ಮುಳ್ಳು ಇಳಿಸಿದೆ. ರೆಕಾರ್ಡಿನ ಅಂಚಿನ ಚಟಪಟ ಶುರುವಾಯಿತು. ಗೇಟಿನ ಹತ್ತಿರ ಕೆಮ್ಮು ಕೇಳಿತು. ಹಾಡುವವಳು ಬಾಯಿ ತೆರೆಯುವ ಮೊದಲೇ ಅತ್ತಿಗೆ ಎದ್ದು ಅಡುಗೆ ಮನೆಯಲ್ಲಿದ್ದಳು. ನಾನು ನಕ್ಕೆ. ಆವತ್ತು ಅದು ನನಗೆ ನಗೆಯ ವಿಷಯವಾಗಿತ್ತು. ಇನ್ನೂ ಎಷ್ಟೋ ಭಾನುವಾರಗಳಿವೆ, ಹೇಗಿದ್ದರೂ ಬಾಗಿಲಲ್ಲಿ ಕೂತು ಕೇಳುತ್ತಾಳಲ್ಲ ಎಂದುಕೊಂಡೆ.

ಮನೆಯಲ್ಲಿ ಯಾರೂ ಇಲ್ಲದಾಗ ಆ ಕುರ್ಚಿಯಲ್ಲಿ ನಾನು ಕೂರುತ್ತಿದ್ದೆ. ಸ್ಪೀಕರನ್ನು ಬೆರಳಗಲ ಹಿಂದೆ ತಳ್ಳುವುದು, ಕೂತು ಕೇಳುವುದು, ಮತ್ತೆ ಮುಂದೆ ಎಳೆಯುವುದು. ಕೇಬಲ್ಲು ಬದಲಿಸಿದೆ, ಮುಳ್ಳು ಬದಲಿಸಿದೆ. ನಮ್ಮ ಊರಿನ ಗಾಳಿಯಲ್ಲೇ ಹತ್ತಿಯ ಎಳೆ ಇರುತ್ತದೆ, ಅದು ಮುಳ್ಳಿನ ತುದಿಗೆ ಸುತ್ತಿಕೊಳ್ಳದಂತೆ ದಿನಾ ಕುಂಚದಿಂದ ಒರೆಸುತ್ತಿದ್ದೆ. ಪ್ರತಿ ಸಲವೂ ಆ ಧ್ವನಿ ಇನ್ನಷ್ಟು ಹತ್ತಿರ ಬಂತು ಎಂದು ಹಿಗ್ಗುತ್ತಿದ್ದೆ. ಎಲ್ಲವನ್ನೂ ಅತ್ತಿಗೆಗಾಗಿಯೇ ಮಾಡುತ್ತಿದ್ದೇನೆ ಎಂದು ನಿಜವಾಗಿ ನಂಬಿದ್ದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ.

ಹೋದ ವರ್ಷ ಅಣ್ಣ ತೀರಿಕೊಂಡ. ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕೂತವನು ಆಸ್ಪತ್ರೆಗೆ ಹೋಗುವ ದಾರಿಯಲ್ಲಿಯೇ ಹೋದ. ಅವನ ಬಗ್ಗೆ ಬರೆಯಲು ನನಗಿನ್ನೂ ಆಗುತ್ತಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಅತ್ತಿಗೆ ಅವನ ಶಲ್ಯವನ್ನು ಮಡಿಸಿ ಆ ತೇಗದ ಕುರ್ಚಿಯ ಮೇಲೆ ಇಟ್ಟಳು. ಅಲ್ಲಿಗೆ ಆ ಕುರ್ಚಿ ಯಾರದೂ ಅಲ್ಲದ್ದಾಯಿತು. ಕೋಣೆಯ ಬಾಗಿಲು ತಿಂಗಳುಗಟ್ಟಲೆ ಮುಚ್ಚಿಯೇ ಇತ್ತು. ಈ ನಡುವೆ ಅತ್ತಿಗೆಯ ಎಡಗಿವಿ ಪೂರ್ತಿ ಹೋಯಿತು, ಬಲಗಿವಿಯದೂ ಅರ್ಧ ಹೋಯಿತು. ಬಲಗಿವಿಗೆ ಮಿಷನ್ ಹಾಕಿಕೊಂಡರೆ ಮಾತು ಕೇಳುತ್ತದೆ ಎಂದರು ಡಾಕ್ಟರು. ಆಕೆ ಹಾಕಿಕೊಂಡಳು.

ಅಣ್ಣನ ವರ್ಷದ ಪೂಜೆ ಮುಗಿದ ಮೇಲೆ ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಅತ್ತಿಗೆಯನ್ನು ಕರೆದುಕೊಂಡು ಗುಡಿಗೆ ಹೋಗಿದ್ದಳು. ನಾನು ಕೋಣೆ ತೆರೆದೆ. ಇಷ್ಟು ದಿನ ಬಿಟ್ಟಿದ್ದಕ್ಕೆ ಗುಂಡಿ ಒಣಗಿ ಗುಂಯ್ ಎನ್ನುತ್ತದೆ ಎಂದುಕೊಂಡು ಆಂಪ್ಲಿಫೈಯರು ಹಚ್ಚಿದೆ. ಒಂದಿಷ್ಟೂ ಸದ್ದಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಗುಂಡಿಯ ಮಣ್ಣು ಹಸಿಯಾಗಿತ್ತು. ಯಾರೂ ಹಾಡು ಹಾಕದ ಆ ವರ್ಷವೆಲ್ಲ ಆಕೆ ನೀರು ಹಾಕಿದ್ದಳು.

ರೆಕಾರ್ಡು ಹಚ್ಚಿದೆ. ಕೂರುವುದೆಲ್ಲಿ? ಶಲ್ಯ ತೆಗೆದು ಅಣ್ಣನ ಕುರ್ಚಿಯಲ್ಲಿ ಕೂರುವ ಧೈರ್ಯ ನನಗಾಗಲಿಲ್ಲ. ಹೋಗಿ ಅತ್ತಿಗೆಯ ಜಾಗದಲ್ಲಿ, ಹೊಸ್ತಿಲ ಹತ್ತಿರ, ಆಕೆ ಕೂರುತ್ತಿದ್ದಂತೆಯೇ ದಾರಂದಕ್ಕೆ ಬೆನ್ನು ಕೊಟ್ಟು ಅಡುಗೆ ಮನೆಯ ಕಡೆ ಮುಖ ಮಾಡಿ ಕೂತೆ.

ಹಾಡು ಶುರುವಾಯಿತು ಎಂದು ಗೊತ್ತಾದದ್ದು ತಬಲಾದ ಗುದ್ದಿನಿಂದ. ದಬ್, ದಬ್. ಗಾಯಕಿ ಇರಲಿಲ್ಲ. ತಂಬೂರಿ ಇರಲಿಲ್ಲ. ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದಂತೆ ಒಂದು ಮಂಕು ದನಿ, ಅಕ್ಷರ ಒಂದೂ ತಿಳಿಯದು. ಸ್ವರದ ನವಿರನ್ನೆಲ್ಲ ಆ ಮೂಲೆಯಲ್ಲಿ ನಾವೇ ಒಟ್ಟಿಸಿದ ಹತ್ತಿ ನುಂಗಿಹಾಕಿ ಬರೀ ಗುದ್ದನ್ನು ಉಳಿಸಿತ್ತು. ಯಂತ್ರ ಕೆಟ್ಟಿದೆ ಎಂದು ಎದ್ದು ನಡುವೆ ಹೋದೆ, ಕುರ್ಚಿಯ ಬೆನ್ನ ಹಿಂದೆ ನಿಂತೆ. ಅಲ್ಲಿ ಗಾಯಕಿ ಎಂದಿನಂತೆ ಉಸಿರೆಳೆದುಕೊಂಡು ಹಾಡುತ್ತಿದ್ದಳು. ಮತ್ತೆ ಬಂದು ಹೊಸ್ತಿಲಲ್ಲಿ ಕೂತೆ. ದಬ್, ದಬ್.

ಆಗ ಇನ್ನೊಂದು ಹೊಳೆಯಿತು. ಹಾಗೆ ಕೂತರೆ ಕೋಣೆಯ ಕಡೆಗೆ ಇರುವುದು ಎಡಗಿವಿ. ಬಲಗಿವಿ ಇರುವುದು ಹೊರಗೆ, ಪಡಸಾಲೆಗೆ. ನನ್ನ ಎಡಗಿವಿಯನ್ನು ಬೆರಳಿನಿಂದ ಒತ್ತಿ ಮುಚ್ಚಿಕೊಂಡೆ. ಆಮೇಲೆ ಕೇಳಿದ್ದು ಅಡುಗೆ ಮನೆಯ ನಲ್ಲಿ ತೊಟ್ಟಿಕ್ಕುವ ಸದ್ದು, ಮತ್ತೆ ಬೆನ್ನಿನ ಮರದಲ್ಲಿ ಸಣ್ಣ ಅದುರು. ಅಷ್ಟೇ. ಅಷ್ಟು ವರ್ಷದ ಭಾನುವಾರಗಳಲ್ಲಿ ಅತ್ತಿಗೆ ಕೇಳಿದ್ದು ಅದನ್ನು. ಕೇಳಿ, ನನ್ನ ಮುಖ ನೋಡಿ, ಭಾಳ ಛಂದ ಐತಿ ತಮ್ಮಾ ಎಂದಿದ್ದಳು.

ಹಾಡು ಮುಗಿದು ರೆಕಾರ್ಡು ಸುಮ್ಮನೆ ತಿರುಗುತ್ತಿದ್ದರೂ ನನಗೆ ಏಳಲಾಗಲಿಲ್ಲ. ನಾಚಿಕೆಯಾಯಿತು, ಸಿಟ್ಟು ಬಂತು. ಆಕೆಯ ಮೇಲೂ ಸಿಟ್ಟು ಬಂತು, ಒಂದು ಸಲ ಬಾಯಿ ಬಿಟ್ಟು ಏನೂ ಕೇಳಿಸುವುದಿಲ್ಲ ಎನ್ನಬಾರದಿತ್ತೇ ಎಂದು. ಆದರೆ ಆಕೆಗೆ ಏನು ಕೇಳಿಸಬೇಕಿತ್ತು ಎಂಬುದೇ ಗೊತ್ತಿರಲಿಲ್ಲವಲ್ಲ. ಮೈದುನ ಇಷ್ಟು ಓಡಾಡಿ ಮಾಡಿಸಿದ್ದು, ಊರವರೆಲ್ಲ ಬಂದು ಹೊಗಳಿ ಹೋಗಿದ್ದು, ಇದು ಇರುವುದೇ ಹೀಗೆ, ಕಡಿಮೆಯಾಗಿರುವುದು ತನ್ನ ಕಿವಿ ಎಂದುಕೊಂಡಿದ್ದಳೇನೋ.

ಮುಂದಿನ ಭಾನುವಾರ ಹೆಂಡತಿಯನ್ನು ಕರೆದು, ಒಂದು ಕೈ ಹಾಕು ಎಂದೆ. ಆಕೆ ಸೆರಗು ಬಿಗಿದಳು. ಅಂಗುಲ ಅಂಗುಲ ಲೆಕ್ಕ ಹಾಕಿ ನಿಲ್ಲಿಸಿದ್ದ ಸ್ಪೀಕರುಗಳನ್ನು ಗೋಣಿತಾಟಿನ ಮೇಲೆ ಎಳೆದು, ಹೊಸ್ತಿಲು ದಾಟಿಸಿ, ಪಡಸಾಲೆಗೆ ತಂದೆವು. ಟರ್ನ್‌ಟೇಬಲ್ಲು, ಆಂಪ್ಲಿಫೈಯರೂ ಹಿಂದೆಯೇ ಬಂದವು. ಅಡುಗೆ ಮನೆಯ ಬಾಗಿಲಲ್ಲಿ ಅತ್ತಿಗೆ ಬೇಳೆ ಆರಿಸಲು ಕೂರುವ ಜಾಗಕ್ಕೆ, ಆಕೆಯ ಬಲಗಡೆಗೆ, ಎರಡನ್ನೂ ತಿರುಗಿಸಿ ನಿಲ್ಲಿಸಿದೆ. ಟೇಪಿಲ್ಲ, ದಾರವಿಲ್ಲ. ಎದುರಿಗೆ ಬಿಸಿಲು, ಪಕ್ಕದಲ್ಲಿ ಪಾತ್ರೆ, ಹೊರಗೆ ಆಟೋ ಹಾರನ್ನು. ಹೈದರಾಬಾದಿನವನು ನೋಡಿದ್ದರೆ ಅತ್ತುಬಿಡುತ್ತಿದ್ದ. ಗೋಡೆಯಿಂದ ಒಂದು ಗಾದಿ ಬಿಚ್ಚಿ ತಂದು ಆಕೆ ಕೂರುವ ಕಡೆ ಹಾಸಿದೆ. ಕೋಣೆಯನ್ನು ಅಣ್ಣನಿಗೂ ಅವನ ಶಲ್ಯಕ್ಕೂ ಬಿಟ್ಟೆವು.

ಅತ್ತಿಗೆ ಮೊರ ಹಿಡಿದು ಬಂದು ಕೂತಳು. ಪೆಟ್ಟಿಗೆಗಳು ಹೊರಗೆ ಬಂದಿದ್ದನ್ನು ನೋಡಿ, “ಇದ್ಯಾಕ ತಮ್ಮಾ, ಸುಣ್ಣ ಹಚ್ಚತೀಯೇನು?” ಎಂದಳು. ನಾನು ಅದೇ ರೆಕಾರ್ಡು ಹಾಕಿದೆ, ಮೊದಲ ಭಾನುವಾರ ಹಾಕಿದ್ದು, ಆಮೇಲೆ ಎಷ್ಟು ಸಲ ಹಾಕಿದೆನೋ ಲೆಕ್ಕವಿಲ್ಲ.

ಗಾಯಕಿ ಉಸಿರೆಳೆದುಕೊಂಡಳು. ಬೇಳೆಯೊಳಗೆ ಆಡುತ್ತಿದ್ದ ಅತ್ತಿಗೆಯ ಬೆರಳು ನಿಂತವು. ಬಲಗಿವಿಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು. ಎಷ್ಟು ಕೇಳಿತೋ, ಉಳಿದ ಅರ್ಧ ಕಿವಿಗೆ ಎಷ್ಟು ಸಿಕ್ಕಿತೋ ನನಗೆ ತಿಳಿಯದು. ಮೊದಲ ಹಾಡು ಮುಗಿದು ಎರಡನೆಯದು ಬಂತು. ಕುಕ್ಕರು ಕೂಗಿತು, ಆಕೆ ಏಳಲಿಲ್ಲ. ನನ್ನ ಹೆಂಡತಿ ಸದ್ದಿಲ್ಲದೆ ಹೋಗಿ ಒಲೆ ಸಣ್ಣ ಮಾಡಿದಳು. ಕೊನೆಯ ಚರಣ ಮುಗಿಯುವವರೆಗೂ ಅತ್ತಿಗೆ ಗೇಟಿನ ಕಡೆ ನೋಡಲಿಲ್ಲ.

“ಹೊಸಾದೇನು ತಮ್ಮಾ, ಈ ಹಾಡು?” ಎಂದು ಕೇಳಿದಳು.

“ಹ್ಞೂ ಅತ್ತಿಗಿ, ಹೊಸಾದು.”

“ಭಾಳ ಛಂದ ಐತಿ” ಎಂದಳು. ಇಷ್ಟು ವರ್ಷ ಹೇಳಿದ ಮಾತೇ, ಆದರೆ ಈ ಸಲ ನನ್ನ ಮುಖ ನೋಡಿ ಹೇಳಲಿಲ್ಲ. ಮೊರವನ್ನು ಪಕ್ಕಕ್ಕೆ ಇಟ್ಟು, ಮುಚ್ಚಿದ ಕೋಣೆಯ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿದಳು.

“ಇದನ್ನ ನಿಮ್ಮಣ್ಣಾರು ಕೇಳಬೇಕಾಗಿತ್ತು ನೋಡಪ್ಪ.”

ನಾನು ಎದ್ದು ರೆಕಾರ್ಡನ್ನು ತಿರುವಿ ಹಾಕಿದೆ.